ಕೈ ಎತ್ತಿದರೆ ನಿಲ್ಲುವ ಬಸ್ಸು

ಮಗನ ಮನೆ ಇರುವುದು ಅಮೆರಿಕದ ಟೆಕ್ಸಾಸ್ ರಾಜ್ಯದ ಆರ್ಲಿಂಗ್ಟನ್ನಿನಲ್ಲಿ. ನಾಲ್ಕು ಲಕ್ಷದ ಹತ್ತಿರ ಜನ ಇರುವ ಊರು. ಹೋದ ಹೊಸದರಲ್ಲಿ ‘ಪೇಟೆ ಕಡೆಗೆ ಎಷ್ಟು ಹೊತ್ತಿಗೆ ಬಸ್ಸು?’ ಅಂತ ಕೇಳಿದೆ. ‘ಇಲ್ಲಿ ಬಸ್ಸಿಲ್ಲಮ್ಮ’ ಅಂದ. ಆ ಬೀದಿಗೆ ಇಲ್ಲವೇನೋ ಅಂದುಕೊಂಡೆ. ಇಡೀ ಊರಿಗೇ ಇಲ್ಲ. ಗೊತ್ತಾದ ದಾರಿಯಲ್ಲಿ ಗೊತ್ತಾದ ಹೊತ್ತಿಗೆ ಬರುವ ಬಸ್ಸಿಲ್ಲದ ಅಮೆರಿಕದ ಅತಿ ದೊಡ್ಡ ಊರು ಅದು. 2017ರ ಕೊನೆಯಿಂದ ಫೋನಿನಲ್ಲಿ ಕರೆಸಿಕೊಳ್ಳುವ ಹಂಚಿಕೆ ವ್ಯಾನುಗಳು ಬಂದಿವೆ, ಅಷ್ಟೆ. ಮೂರು ತಿಂಗಳು ಮಗನೋ ಸೊಸೆಯೋ ಕಾರು ತೆಗೆದರೆ ಹೊಸ್ತಿಲು ದಾಟುತ್ತಿದ್ದೆ, ಇಲ್ಲದಿದ್ದರೆ ಕಿಟಕಿ ಮುಂದೆ ಕೂರುತ್ತಿದ್ದೆ. ನಂಜನಗೂಡಿನಲ್ಲಿ ಮನೆ, ತಿ. ನರಸೀಪುರ ತಾಲ್ಲೂಕಿನ ಶಾಲೆಗಳಲ್ಲಿ ಕೆಲಸ ಅಂತ ಮೂವತ್ತು ವರ್ಷ ಬಸ್ಸಿನಲ್ಲೇ ಓಡಾಡಿದವಳು ನಾನು. ಒಂದು ಕಟ್ಟು ಸೊಪ್ಪು ತರುವುದಕ್ಕೂ ಇನ್ನೊಬ್ಬರ ಬಿಡುವು ಕಾಯಬೇಕಾದದ್ದು ಜೀವನದಲ್ಲಿ ಅದೇ ಮೊದಲು.

ವಾಪಸು ಬರುವಾಗ ಲಂಡನ್ನಿನಲ್ಲಿ ನಾಲ್ಕು ದಿನ ಇದ್ದೆ. ಅಲ್ಲಿ ಬಸ್ಸು, ನೆಲದಡಿಯ ರೈಲು ಎರಡರಲ್ಲೂ ಮನಸ್ಸಿಗೆ ತೃಪ್ತಿಯಾಗುವಷ್ಟು ಓಡಾಡಿದೆ. ಊರಿಗೆ ಬಂದ ಮೂರನೇ ದಿನ ನಂಜನಗೂಡು ಬಸ್ ನಿಲ್ದಾಣದಲ್ಲಿ ನಿಂತಾಗ ಕಂಡಕ್ಟರುಗಳು ‘ಹುಲ್ಲಹಳ್ಳಿ, ಹುಲ್ಲಹಳ್ಳಿ’, ‘ಮೈಸೂರ್, ಮೈಸೂರ್’ ಅಂತ ಕೂಗುತ್ತಿದ್ದರು. ನನಗೆ ಕಣ್ಣು ತುಂಬಿ ಬಂತು. ಪಕ್ಕದಲ್ಲಿದ್ದ ನೆಂಟರು ಮಾತ್ರ ‘ಫಾರಿನ್ ನೋಡಿ ಬಂದವರು ಈ ಬಸ್ಸು ಹತ್ತುತ್ತೀರಾ?’ ಅಂದರು. ಅವರ ಮಾತು ಅವರೊಬ್ಬರದಲ್ಲ. ಮದುವೆ ಮನೆಯಲ್ಲಿ, ಜಾತ್ರೆಯಲ್ಲಿ, ಸ್ಟಾಫ್ ರೂಮಿನಲ್ಲಿ ಕೇಳಿ ಕೇಳಿ ನಿಜವೆಂದೇ ಆಗಿಬಿಟ್ಟಿರುವ ಕೆಲವು ಮಾತುಗಳಿವೆ. ಒಂದೊಂದನ್ನೇ ತೆಗೆದು ನೋಡೋಣ.

ತಪ್ಪು ಕಲ್ಪನೆ: ಹೊರದೇಶದಲ್ಲಿ ಮೂಲೆಮೂಲೆಗೂ ಬಸ್ಸು, ರೈಲು ಇದೆ. ನಮ್ಮಲ್ಲಿ ಏನೂ ಇಲ್ಲ.

ವಾಸ್ತವ: ನಾವು ಹೋಗಿ ನೋಡುವುದು ಲಂಡನ್ನು, ಸಿಂಗಪುರ, ಟೋಕಿಯೊ. ಬಂದು ಹೋಲಿಸುವುದು ಮೂಗೂರಿಗೆ, ಕವಲಂದೆಗೆ. ಅವರ ರಾಜಧಾನಿಯನ್ನು ನಮ್ಮ ಹೋಬಳಿಯ ಪಕ್ಕ ನಿಲ್ಲಿಸಿದರೆ ಯಾರು ಗೆಲ್ಲುತ್ತಾರೆ ಅನ್ನುವುದು ಹೋಲಿಸುವ ಮೊದಲೇ ಗೊತ್ತು. ಹಳ್ಳಿಗೆ ಹಳ್ಳಿಯನ್ನೇ ಇಟ್ಟು ನೋಡಬೇಕು.

ಇಂಗ್ಲೆಂಡಿನ ಹಳ್ಳಿಗಳನ್ನೇ ತೆಗೆದುಕೊಳ್ಳಿ. 1985ರ ಕಾನೂನು ಬಂದು, 1986ರ ಅಕ್ಟೋಬರಿನಿಂದ ಲಂಡನ್ನಿನ ಹೊರಗೆ ಯಾವ ದಾರಿಯಲ್ಲಿ ಬಸ್ಸು ಓಡಿಸಬೇಕು ಅನ್ನುವುದನ್ನು ಖಾಸಗಿ ಕಂಪನಿಗಳಿಗೇ ಬಿಟ್ಟರು. ಲಾಭ ಇದ್ದ ದಾರಿ ಉಳಿಯಿತು. ಲಾಭ ಇಲ್ಲದ್ದಕ್ಕೆ ಸ್ಥಳೀಯ ಆಡಳಿತ ದುಡ್ಡು ಕೊಟ್ಟರೆ ಓಡಿತು, ಕೊಡಲಾಗದಿದ್ದರೆ ನಿಂತಿತು. ಹೀಗಾಗಿ ದಿನಕ್ಕೆ ಎರಡೋ ಮೂರೋ ಟ್ರಿಪ್ಪು ಇರುವ, ಭಾನುವಾರ ಒಂದೂ ಇಲ್ಲದ ಹಳ್ಳಿಗಳು ಅಲ್ಲಿ ಬೇಕಾದಷ್ಟಿವೆ.

ಕೆನಡಾದ ಸಸ್ಕಾಚೆವಾನ್ ಪ್ರಾಂತ್ಯದ ಕಥೆ ಓದಿದಾಗ ನನಗೆ ನಮ್ಮ ಕೆಂಪು ಬಸ್ಸೇ ಕಣ್ಣ ಮುಂದೆ ಬಂತು. ಅಲ್ಲಿನ ಸರ್ಕಾರ 1946ರಲ್ಲಿ ತಾನೇ ಬಸ್ ಕಂಪನಿ ಕಟ್ಟಿತು. ಅದಾದ ಎರಡು ವರ್ಷಕ್ಕೆ, 1948ರ ಸೆಪ್ಟೆಂಬರ್ 12ರಂದು, ನಮ್ಮ ಮೈಸೂರು ಸರ್ಕಾರ 120 ಬಸ್ಸುಗಳನ್ನಿಟ್ಟುಕೊಂಡು ರಸ್ತೆ ಸಾರಿಗೆ ಇಲಾಖೆ ಶುರು ಮಾಡಿತು. ಅವರ ಬಸ್ಸು 253 ಊರುಗಳಿಗೆ ಹೋಗುತ್ತಿತ್ತು. ನಷ್ಟ ಅಂತ ಹೇಳಿ 2017ರ ಮೇ 31ಕ್ಕೆ ಪೂರ್ತಿ ಮುಚ್ಚಿಬಿಟ್ಟರು. ಮರುವರ್ಷ ಪಶ್ಚಿಮ ಕೆನಡಾದ ದೊಡ್ಡ ಖಾಸಗಿ ಬಸ್ ಕಂಪನಿಯೂ ನಿಂತಿತು. ದೂರದ ಪಟ್ಟಣದ ಆಸ್ಪತ್ರೆಗೆ ಬಸ್ಸನ್ನೇ ನಂಬಿದ್ದ ಮುದುಕರು, ಕಾರಿಲ್ಲದ ಹೆಂಗಸರು ಪರದಾಡಿದರು. ನಮ್ಮ ಇಲಾಖೆ 1961ರ ಆಗಸ್ಟ್ 1ಕ್ಕೆ ನಿಗಮವಾಯಿತು, 1973ರಲ್ಲಿ ರಾಜ್ಯದ ಹೆಸರಿನ ಜೊತೆ ತನ್ನ ಹೆಸರನ್ನೂ ಬದಲಿಸಿಕೊಂಡಿತು, ಇವತ್ತಿಗೂ ಓಡುತ್ತಿದೆ.

ಅವರಿಗೆ ಆಗದ್ದು ನಮಗೆ ಯಾಕೆ ಆಯಿತು ಅಂದರೆ, ನಾವು ಜಾಣರು ಅಂತಲ್ಲ. ಆ ಪ್ರಾಂತ್ಯ ಕರ್ನಾಟಕದ ಮೂರು ಪಟ್ಟಿಗಿಂತ ದೊಡ್ಡದು, ಇರುವ ಜನ ಹನ್ನೆರಡು ಲಕ್ಷದ ಆಸುಪಾಸು. ನಮ್ಮ ಮೈಸೂರು ಜಿಲ್ಲೆ ಒಂದರಲ್ಲೇ 2011ರ ಗಣತಿಯಲ್ಲಿ 30 ಲಕ್ಷ ಜನ. ಒಂದೆರಡು ಮೈಲಿಗೊಂದು ಹಳ್ಳಿ, ಪ್ರತಿ ಹಳ್ಳಿಯಲ್ಲೂ ಹತ್ತುವವರು. ನಾವು ಯಾವುದನ್ನು ‘ಜನಜಂಗುಳಿ’ ಅಂತ ಬೈಯುತ್ತೇವೋ ಅದೇ ನಮ್ಮ ಬಸ್ಸನ್ನು ಉಳಿಸಿರುವುದು.

ತಪ್ಪು ಕಲ್ಪನೆ: ಅಲ್ಲಿ ಎಲ್ಲವೂ ಹೇಳಿದ ನಿಮಿಷಕ್ಕೆ ಬರುತ್ತದೆ. ನಮ್ಮ ಹಳ್ಳಿ ಬಸ್ಸಿಗೆ ಟೈಮೇ ಇಲ್ಲ.

ವಾಸ್ತವ: ಸ್ವಿಟ್ಜರ್ಲೆಂಡ್, ಜಪಾನುಗಳ ವಿಷಯದಲ್ಲಿ ಇದು ಬಹುಮಟ್ಟಿಗೆ ನಿಜ. ಆದರೆ ಶಿಸ್ತಿಗೆ ನಾವು ಉದಾಹರಣೆ ಕೊಡುವ ಜರ್ಮನಿಯಲ್ಲಿ 2024ರಲ್ಲಿ ದೂರದ ರೈಲುಗಳ ಪೈಕಿ ಹೊತ್ತಿಗೆ ಸರಿಯಾಗಿ ಬಂದದ್ದು ನೂರಕ್ಕೆ 62.5. ಅದೂ ಆರು ನಿಮಿಷದೊಳಗಿನ ತಡವನ್ನು ತಡವೆಂದು ಲೆಕ್ಕಕ್ಕೆ ಹಿಡಿಯದೆ.

ಇನ್ನು ನಮ್ಮ ಬಸ್ಸಿನ ಟೈಮು. ತಿ. ನರಸೀಪುರದ ಕಡೆಯ ಒಂದು ಹಳ್ಳಿಯ ಶಾಲೆಯಲ್ಲಿದ್ದಾಗ ಆರು ತಿಂಗಳು ಅಲ್ಲೇ ಬಾಡಿಗೆ ಮನೆ ಮಾಡಿದ್ದೆ. ಆ ಊರಿಗೆ ನೈಟ್ ಹಾಲ್ಟ್ ಬಸ್ಸಿತ್ತು. ರಾತ್ರಿ ಒಂಬತ್ತರ ಹೊತ್ತಿಗೆ ಕಬ್ಬಿನ ಗದ್ದೆಗಳ ನಡುವೆ ದೀಪ ಕಂಡರೆ ‘ಹಾಲ್ಟ್ ಗಾಡಿ ಬಂತು’ ಅಂತ ಮಕ್ಕಳು ಪುಸ್ತಕ ಮುಚ್ಚುತ್ತಿದ್ದರು. ಡ್ರೈವರು ಕಂಡಕ್ಟರು ಮಾರಮ್ಮನ ಗುಡಿ ಮುಂದೆ ಗಾಡಿ ನಿಲ್ಲಿಸಿ ಯಾರದೋ ಮನೆಯ ಮುದ್ದೆ ಸಾರು ಉಂಡು, ಬಸ್ಸಿನೊಳಗೇ ಚಾಪೆ ಹಾಸಿ ಮಲಗುತ್ತಿದ್ದರು. ಬೆಳಿಗ್ಗೆ ಆರೂಕಾಲಿಗೆ ಹಾರ್ನು. ಮೊದಲನೇ ಹಾರ್ನಿಗೆ ಸೇವಂತಿಗೆ ಹೂವಿನ ಮೂಟೆ, ಬದನೆಕಾಯಿ ಚೀಲ ಹಿಂದಿನ ಬಾಗಿಲಿಗೆ ಬರುತ್ತಿದ್ದವು. ಎರಡನೇ ಹಾರ್ನಿಗೆ ಕಾಲೇಜು ಹುಡುಗಿಯರು, ಜಡೆಗೆ ಟೇಪು ಕಟ್ಟಿಕೊಳ್ಳುತ್ತಲೇ ಓಡಿ ಬರುತ್ತಿದ್ದರು. ಮೂರನೇ ಹಾರ್ನಿಗೆ ಗಾಡಿ ಹೊರಡುತ್ತಿತ್ತು. ಆಗಲೂ ಬೇಲಿ ಸಂದಿಯಿಂದ ಯಾರಾದರೂ ‘ಒಸಿ ತಡೀರಣ್ಣಾ, ನಮ್ ಅಕ್ಕ ಬತ್ತಾವ್ಳೆ’ ಅಂತ ಕೂಗಿದರೆ ಡ್ರೈವರ ಕಾಲು ಬ್ರೇಕಿಗೆ ಹೋಗುತ್ತಿತ್ತು. ಅಕ್ಕ ಬಸುರಿ, ತಿಂಗಳ ತಪಾಸಣೆಗೆ ಮೈಸೂರಿಗೆ ಹೊರಟವಳು. ಆ ಅರ್ಧ ನಿಮಿಷವನ್ನು ನಾನು ತಡ ಅಂತ ಕರೆಯಲಾರೆ.

ಆ ಊರಿನಲ್ಲಿ ಗಡಿಯಾರಕ್ಕಿಂತ ಬಸ್ಸಿನ ಮೇಲೆ ಭರವಸೆ ಹೆಚ್ಚು. ‘ಎಂಟೂಕಾಲು ಗಾಡಿ ಹೋದ್ಮೇಲೆ ಬಾ’, ‘ಹನ್ನೊಂದರ ಗಾಡಿಗೆ ಬೀಗರು ಬತ್ತಾರೆ’ ಅಂತಲೇ ಮಾತು. ಹೊತ್ತಿಲ್ಲದ ಬಸ್ಸಿಗೆ ಹೊತ್ತಿನ ಹೆಸರು ಬೀಳುವುದಿಲ್ಲ. ಶೆಡ್ಯೂಲು ಡಿಪೋದಲ್ಲಿ ಬರೆದಿದೆ, ಊರಿನವರ ಬಾಯಲ್ಲಿದೆ. ಇಲ್ಲದಿರುವುದು ಬಸ್ಸು ನಿಲ್ಲುವ ಜಾಗದಲ್ಲಿ. ಲಂಡನ್ನಿನಲ್ಲಿ ನನಗೆ ಅತ್ಯಂತ ಇಷ್ಟವಾದದ್ದು ಎರಡು ಅಂತಸ್ತಿನ ಬಸ್ಸಲ್ಲ, ಪ್ರತಿ ನಿಲ್ದಾಣದ ಕಂಬ. ಅದರ ಮೇಲೆ ನಿಲ್ದಾಣದ ಹೆಸರು, ಬರುವ ಬಸ್ಸುಗಳ ನಂಬರು, ಮೊದಲ ಗಾಡಿ, ಕೊನೇ ಗಾಡಿ ಎಲ್ಲ ಅಚ್ಚಾಗಿದೆ. ಹೊಸಬರು ಯಾರನ್ನೂ ಕೇಳಬೇಕಿಲ್ಲ. ನಮ್ಮ ಮೈಸೂರು ನಗರದ ಬಸ್ಸುಗಳಿಗೆ 2012ರಲ್ಲೇ, ದೇಶದ ಬಹಳ ಕಡೆ ಇನ್ನೂ ಯೋಚನೆಯೂ ಇಲ್ಲದಿದ್ದಾಗ, ಜಿಪಿಎಸ್ ಹಾಕಿ ಬಸ್ಸು ಎಷ್ಟು ನಿಮಿಷಕ್ಕೆ ಬರುತ್ತದೆ ಅಂತ ಬೋರ್ಡಿನಲ್ಲಿ ತೋರಿಸುವ ವ್ಯವಸ್ಥೆ ಬಂತು. ಹಳ್ಳಿಯ ತಂಗುದಾಣಕ್ಕೆ ಜಿಪಿಎಸ್ ಬೋರ್ಡು ಬರಲಿ, ಬಿಡಲಿ. ಒಂದು ಡಬ್ಬಿ ಬಣ್ಣ ಸಾಕಿತ್ತು.

ತಪ್ಪು ಕಲ್ಪನೆ: ರೈಲು ಇದ್ದರೆ ಮುಂದುವರಿದ ಊರು. ನಂಜನಗೂಡಿಗೆ 1735ರಿಂದಲೇ ರೈಲಿದೆ, ತಿ. ನರಸೀಪುರಕ್ಕೆ ಇನ್ನೂ ಇಲ್ಲ, ಅದಕ್ಕೇ ಹಿಂದೆ ಬಿತ್ತು.

ವಾಸ್ತವ: ಮೊದಲು ಆ ಇಸವಿ. ನಂಜನಗೂಡಿನಲ್ಲಿ ಕಪಿಲಾ ನದಿಯ ಮೇಲಿನ ಹಳೇ ಸೇತುವೆಯನ್ನು ದಳವಾಯಿ ದೇವರಾಜಯ್ಯನವರು ಕಟ್ಟಿಸಿದ್ದು 1735ರಲ್ಲಿ, ನಿಜ. ಆಗ ಜಗತ್ತಿನಲ್ಲೆಲ್ಲೂ ಉಗಿಬಂಡಿ ಇರಲಿಲ್ಲ. ಮೈಸೂರಿನಿಂದ ನಂಜನಗೂಡಿಗೆ ಮೀಟರ್ ಗೇಜ್ ಹಳಿ ಬಂದದ್ದು 1891ರಲ್ಲಿ. ಒಂದೂವರೆ ಶತಮಾನದ ಹಿಂದೆ ಎತ್ತಿನ ಗಾಡಿಗೆಂದು ಕಟ್ಟಿದ ಕಲ್ಲಿನ ಸೇತುವೆ ರೈಲನ್ನೂ ಹೊತ್ತಿತು, ಪಕ್ಕದಲ್ಲೇ ರಸ್ತೆಯನ್ನೂ ಹೊತ್ತಿತು. ನಾವು ಚಿಕ್ಕವರಿದ್ದಾಗ ಒಂದೇ ಸೇತುವೆಯ ಮೇಲೆ ಬಸ್ಸಿನ ಕಿಟಕಿಯಿಂದ ರೈಲಿನ ಕಿಟಕಿಗೆ ಕೈ ಬೀಸಿದ್ದೇವೆ. ‘1735ರ ರೈಲ್ವೆ ಸೇತುವೆ’ ಅನ್ನುವುದಕ್ಕಿಂತ ಈ ನಿಜ ಸಂಗತಿಯೇ ನಮ್ಮ ಕಟ್ಟುವವರ ಕೈಗುಣಕ್ಕೆ ದೊಡ್ಡ ಸಾಕ್ಷಿ. ಹಳಿ 1926ರಲ್ಲಿ ಚಾಮರಾಜನಗರ ಮುಟ್ಟಿತು, ಅಲ್ಲಿಂದ ಮುಂದೆ ಹೋಗಿಲ್ಲ. ಗೇಜ್ ಬದಲಾದ ಮೇಲೆ ರೈಲು ಹೊಸ ಸೇತುವೆಗೆ ಹೋಯಿತು. ಪ್ಯಾಸೆಂಜರ್ ರೈಲಿನ ಕನಿಷ್ಠ ದರ ಕೊರೊನಾ ಕಾಲದಲ್ಲಿ 30 ರೂಪಾಯಿ ಆಗಿದ್ದದ್ದು 2024ರ ಫೆಬ್ರವರಿಯಲ್ಲಿ ಮತ್ತೆ 10ಕ್ಕೆ ಇಳಿಯಿತು. ಲಂಡನ್ನಿನಲ್ಲಿ ಒಂದು ಸಲ ನೆಲದಡಿ ರೈಲು ಹತ್ತಿದ ದುಡ್ಡಿನಲ್ಲಿ ನಾನು ಇಲ್ಲಿ ಎಷ್ಟು ಸಲ ಮೈಸೂರಿಗೆ ಹೋಗಿಬರಬಹುದು ಅಂತ ಲೆಕ್ಕ ಹಾಕಿ ದಂಗಾದೆ. ಸಂಬಳದ ವ್ಯತ್ಯಾಸ ಹಿಡಿದರೂ ನಮ್ಮದು ಅಗ್ಗವೇ.

ಇನ್ನು ತಿ. ನರಸೀಪುರ. ರೈಲಿಲ್ಲ, ಆದರೆ ರಾಷ್ಟ್ರೀಯ ಹೆದ್ದಾರಿ 766 ಇದೆ. ಕೋಯಿಕ್ಕೋಡಿನಿಂದ ಗುಂಡ್ಲುಪೇಟೆ, ನಂಜನಗೂಡು, ಮೈಸೂರು ದಾಟಿ ನರಸೀಪುರದ ಮೇಲೆ ಕೊಳ್ಳೇಗಾಲಕ್ಕೆ ಹೋಗುವುದು ಅದೇ ರಸ್ತೆ. ಮೈಸೂರಿನಿಂದ ಕೊಳ್ಳೇಗಾಲಕ್ಕೆ, ಮಲೆ ಮಹದೇಶ್ವರ ಬೆಟ್ಟಕ್ಕೆ ಹೋಗುವ ಬಸ್ಸುಗಳು ಈ ಊರಿನ ಮೇಲೇ ಹೋಗುತ್ತವೆ. ಕಾವೇರಿ, ಕಪಿಲೆ, ಸ್ಫಟಿಕ ಸರೋವರ ಕೂಡುವ ತಿರುಮಕೂಡಲಿನಲ್ಲಿ 1989ರಿಂದ ಕುಂಭಮೇಳ ನಡೆಯುತ್ತಿದೆ. 2025ರ ಫೆಬ್ರವರಿಯಲ್ಲಿ ಮೂರು ದಿನ ಲಕ್ಷಾಂತರ ಜನ ಮುಳುಗೆದ್ದು ಮನೆ ಸೇರಿದ್ದು ಹಳಿ ಇಲ್ಲದೆಯೇ. ಮೈಸೂರು ರೇಷ್ಮೆ ಸೀರೆಯ ನೂಲು ತೆಗೆಯುವ ಸರ್ಕಾರಿ ಫಿಲೇಚರ್ ಇರುವ ಊರು ಇದು. ತಲಕಾಡು, ಸೋಮನಾಥಪುರ ಎರಡೂ ಇದೇ ತಾಲ್ಲೂಕು. ರೈಲು ಬಂದರೆ ಒಳ್ಳೆಯದೇ, ಬೇಡವೆನ್ನುವವರು ಯಾರು? ಬರುವ ತನಕ ಈ ಊರು ಕೈಕಟ್ಟಿ ಕೂತಿಲ್ಲ.

ತಪ್ಪು ಕಲ್ಪನೆ: ಹೆಂಗಸರಿಗೆ ಪುಕ್ಕಟೆ ಕೊಟ್ಟು ಬಸ್ಸು ಹಾಳಾಯಿತು. ಬೇರೆ ಯಾವ ದೇಶದಲ್ಲಿ ಹೀಗಿದೆ?

ವಾಸ್ತವ: ಇದೆ. ಲಕ್ಸೆಂಬರ್ಗ್ ದೇಶ 2020ರಿಂದ ಬಸ್ಸು, ಟ್ರಾಮು, ರೈಲು ಎಲ್ಲವನ್ನೂ ಎಲ್ಲರಿಗೂ ಉಚಿತ ಮಾಡಿದೆ. ರೈಲಿನ ಮೊದಲ ದರ್ಜೆಗೆ ಮಾತ್ರ ಟಿಕೆಟ್. ಎಸ್ಟೋನಿಯಾದ ರಾಜಧಾನಿ ಟಾಲಿನ್ 2013ರಿಂದ ತನ್ನ ನಿವಾಸಿಗಳಿಗೆ ಉಚಿತ ಕೊಟ್ಟಿದೆ. ಇಂಗ್ಲೆಂಡಿನಲ್ಲಿ 2008ರಿಂದ ದೇಶದಾದ್ಯಂತ ಹಿರಿಯರು, ಅಂಗವಿಕಲರು ಜನದಟ್ಟಣೆಯ ಹೊತ್ತು ಬಿಟ್ಟು ಲೋಕಲ್ ಬಸ್ಸಿನಲ್ಲಿ ಪಾಸು ತೋರಿಸಿ ಕೂರುತ್ತಾರೆ. ನಮ್ಮ ದೇಶದಲ್ಲೇ ದೆಹಲಿ 2019ರಲ್ಲಿ, ತಮಿಳುನಾಡು 2021ರಲ್ಲಿ ಮಹಿಳೆಯರಿಗೆ ಕೊಟ್ಟವು. ಕರ್ನಾಟಕದ ಶಕ್ತಿ ಯೋಜನೆ ಶುರುವಾದದ್ದು 2023ರ ಜೂನ್ 11ಕ್ಕೆ.

ಬಹಳ ಜನರಿಗೆ ಗೊತ್ತಿಲ್ಲದ ಒಂದು ಅಂಶ ಇದೆ. ಈ ಯೋಜನೆಯಲ್ಲಿ ಹೆಂಗಸರಿಗೆ ಕೊಡುವ ಶೂನ್ಯ ಟಿಕೆಟ್ ಅಂದರೆ ಬಸ್ಸಿಗೆ ದುಡ್ಡು ಬರುವುದಿಲ್ಲ ಅಂತ ಅರ್ಥವಲ್ಲ. ಎಲ್ಲಿಂದ ಎಲ್ಲಿಗೆ ಅಂತ ಮೆಷಿನ್ನಿನಲ್ಲಿ ಹೊಡೆದ ಆ ಚೀಟಿಯ ಲೆಕ್ಕದ ಮೇಲೆ ಸರ್ಕಾರ ನಿಗಮಕ್ಕೆ ಹಣ ಕೊಡಬೇಕು. ‘ಫ್ರೀ ತಾನೆ, ಚೀಟಿ ಯಾಕೆ’ ಅಂತ ಇಳಿದು ಹೋದರೆ ನಿಮ್ಮೂರ ಬಸ್ಸಿನ ಆದಾಯ ಅಷ್ಟು ಕಮ್ಮಿ ಕಾಣುತ್ತದೆ, ಆದಾಯ ಕಮ್ಮಿ ಕಂಡ ಟ್ರಿಪ್ಪಿಗೆ ಕುತ್ತು ಮೊದಲು. ದಯವಿಟ್ಟು ಚೀಟಿ ಇಸಿದುಕೊಳ್ಳಿ.

ಬಸ್ಸು ತುಂಬಿ ಬಾಗಿಲಲ್ಲಿ ಜೋತಾಡುವುದು ನಿಜ, ನಾನೂ ಜೋತಾಡಿದ್ದೇನೆ. ಅದರ ಕಾರಣ ಹತ್ತುವವರು ಹೆಚ್ಚಾದ ಹಾಗೆ ಗಾಡಿ ಹೆಚ್ಚಾಗದೆ ಇರುವುದು. ಹೆಂಗಸರು ಮನೆಯಿಂದ ಆಚೆ ಬಂದದ್ದೇ ತಪ್ಪು ಅನ್ನುವ ಹಾಗೆ ಮಾತಾಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಒಂದು ಸೋಮವಾರ ಬಸ್ಸಿನಲ್ಲಿ ಪಕ್ಕ ಕೂತಿದ್ದ, ನಂಜನಗೂಡಿನ ದೇವಸ್ಥಾನಕ್ಕೆ ಹೊರಟಿದ್ದ ಮೂಗೂರು ಕಡೆಯ ಮುದುಕಿ ಮಡಿಲಿನಲ್ಲಿ ಹಣ್ಣುಕಾಯಿ ಇಟ್ಟುಕೊಂಡಿದ್ದಳು. ‘ಮದುವೆಯಾದ ವರ್ಷ ನಂಜುಂಡಪ್ಪನ್ ನೋಡಿದ್ದು ಕಣವ್ವ. ಆಮ್ಯಾಕೆ ಗಂಡನ್ ಕೇಳ್ದೆ, ಮಗನ್ ಕೇಳ್ದೆ, ಯಾರೂ ಕಾಸು ಕೊಡ್ನಿಲ್ಲ. ಈಗ ಯಾರ್ನೂ ಕೇಳಂಗಿಲ್ವಲ್ಲ’ ಅಂದಳು. ಮುದುರಿ ಹೋಗಿದ್ದ ಆಧಾರ್ ಕಾರ್ಡನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಕವರನ್ನು ಎಲೆಅಡಿಕೆ ಚೀಲದೊಳಗೆ ಇಟ್ಟಿದ್ದಳು. ಆರ್ಲಿಂಗ್ಟನ್ನಿನ ಕಿಟಕಿ ಮುಂದೆ ಕೂತ ಮೂರು ತಿಂಗಳು ನನಗೆ ಆ ಮಾತಿನ ತೂಕವನ್ನು ಕಲಿಸಿತ್ತು. ನಾನು ಮೂರು ತಿಂಗಳು ಕಾದೆ, ಅವಳು ಒಂದು ಆಯುಸ್ಸು ಕಾದಿದ್ದಳು.

ತಪ್ಪು ಕಲ್ಪನೆ: ಬಸ್ಸು ಕಾರಿಲ್ಲದವರಿಗೆ. ಕಾರಿದ್ದರೆ ಎಷ್ಟು ಹೊತ್ತಿನಲ್ಲಾದರೂ ಎಲ್ಲಿಗಾದರೂ ಹೋಗಬಹುದು.

ವಾಸ್ತವ: ನಂಜನಗೂಡಿನಿಂದ ಇದೇ 766ನೇ ಹೆದ್ದಾರಿಯಲ್ಲಿ ಗುಂಡ್ಲುಪೇಟೆ ದಾಟಿ ಬಂಡೀಪುರಕ್ಕೆ ಹೋಗಿ ನೋಡಿ. ಕಾಡುಪ್ರಾಣಿಗಳು ಚಕ್ರಕ್ಕೆ ಸಿಕ್ಕಿ ಸಾಯಬಾರದೆಂದು 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರ ತನಕ ಅಲ್ಲಿ ಗೇಟು ಹಾಕುತ್ತಾರೆ. ಎಷ್ಟು ದೊಡ್ಡ ಕಾರಾದರೂ ಹೊರಗೇ ನಿಲ್ಲಬೇಕು. ಆ ಹೊತ್ತಿನಲ್ಲಿ ಒಳಗೆ ಬಿಡುವುದು ಆಂಬುಲೆನ್ಸಿನಂಥ ತುರ್ತು ವಾಹನಗಳನ್ನು ಮತ್ತು ಲೆಕ್ಕದ ಕೆಲವು ಸರ್ಕಾರಿ ಬಸ್ಸುಗಳನ್ನು. ಐವತ್ತು ಜನ ಒಂದೇ ಗಾಡಿಯಲ್ಲಿ ಹೋದರೆ ಆನೆಗೂ ಜಿಂಕೆಗೂ ತೊಂದರೆ ಕಮ್ಮಿ.

ತಪ್ಪು ಕಲ್ಪನೆ: ನಮ್ಮ ಬಸ್ಸನ್ನು ಹೊಗಳುವುದೆಂದರೆ ಅದರ ಹುಳುಕು ಮುಚ್ಚುವುದು.

ವಾಸ್ತವ: ನನ್ನ ಅನುಭವ ಬೇರೆ. ಬಸ್ಸು ಬೇಡವೆನ್ನುವವರು ಬಸ್ಸಿಗಾಗಿ ಅರ್ಜಿ ಬರೆಯುವುದಿಲ್ಲ. ಬೈಕು ಕೊಂಡವರು ತಂಗುದಾಣದ ಸೂರು ಸೋರುವುದನ್ನು ನೋಡುವುದೂ ಇಲ್ಲ. ಕೊರತೆ ಕಾಣುವುದು ದಿನಾ ಹತ್ತಿ ಇಳಿಯುವವರಿಗೆ.

ಕೊರತೆ ಇದ್ದೇ ಇದೆ. ನಂಜನಗೂಡು, ತಿ. ನರಸೀಪುರ ಎರಡೂ ಒಂದೇ ಹೆದ್ದಾರಿಯ ಊರುಗಳು, ಒಂದೇ ಕಪಿಲೆಯ ದಡದವು. ಆದರೂ ಎರಡಕ್ಕೂ ಮೈಸೂರಿನ ಕಡೆಗೆ ಇರುವಷ್ಟು ಬಸ್ಸು ಒಂದರಿಂದ ಇನ್ನೊಂದಕ್ಕೆ ಇಲ್ಲ. ಚಕ್ರದ ಕಾಲುಗಳೆಲ್ಲ ಗುಂಬಕ್ಕೆ ಸೇರಿದ ಹಾಗೆ ನಮ್ಮ ದಾರಿಗಳೆಲ್ಲ ಮೈಸೂರಿಗೆ ಸೇರುತ್ತವೆ, ಅಡ್ಡದಾರಿಯ ಹಳ್ಳಿಗಳವರು ಸುತ್ತಿ ಬಳಸಿ ಹೋಗುತ್ತಾರೆ. ಅಡ್ಡದಾರಿಗೆ ಬೆಳಿಗ್ಗೆ ಎರಡು, ಸಂಜೆ ಎರಡು ಟ್ರಿಪ್ಪು ಹೆಚ್ಚು ಬೇಕು. ಸಂಜೆ ಏಳರ ನಂತರದ ಕೊನೆ ಗಾಡಿ ಖಾತರಿಯಾಗಬೇಕು, ಏಕೆಂದರೆ ಗಾರ್ಮೆಂಟ್ಸ್‌ನಿಂದ, ಅಂಗಡಿ ಕೆಲಸದಿಂದ ಬಿಟ್ಟು ಬರುವ ಹುಡುಗಿಗೆ ಅದೊಂದೇ ದಾರಿ. ಟ್ರಿಪ್ಪು ರದ್ದಾದರೆ ಊರಿಗೆ ಒಂದು ಫೋನು ಬರಬೇಕು. ಬಸ್ಸಿನ ಮೆಟ್ಟಿಲು ವಯಸ್ಸಾದ ಮಂಡಿಗೆ ಎಟಕುವಂತಿರಬೇಕು. ಲಂಡನ್ನಿನ ಬಸ್ಸಿನಲ್ಲಿ ಗಾಲಿ ಕುರ್ಚಿಯವರೂ ಯಾರ ಕೈ ಹಿಡಿಯದೆ ಒಳಗೆ ಬಂದದ್ದನ್ನು ಕಣ್ಣಾರೆ ನೋಡಿ ಬಂದಿದ್ದೇನೆ.

ದೊಡ್ಡದೆಲ್ಲ ಸರ್ಕಾರ ಮಾಡಬೇಕು. ಸಣ್ಣದು ನಮ್ಮ ಕೈಯಲ್ಲೇ ಇತ್ತು. ಹೋದ ತಿಂಗಳು ನಾನು, ಹಳೆಯ ಇಬ್ಬರು ಶಿಷ್ಯರು ಸೇರಿ, ಒಂದು ಕಾಲಕ್ಕೆ ಹಾಲ್ಟ್ ಗಾಡಿ ನಿಲ್ಲುತ್ತಿದ್ದ ಆ ಹಳ್ಳಿಗೆ ಹೋದೆವು. ಬರುವ ಬಸ್ಸುಗಳ ಹೊತ್ತನ್ನು ಕಂಡಕ್ಟರುಗಳನ್ನು ಕೇಳಿ ಬರೆದುಕೊಂಡು, ಪಂಚಾಯಿತಿಯವರ ಒಪ್ಪಿಗೆ ಪಡೆದು, ತಂಗುದಾಣದ ಗೋಡೆಗೆ ಸುಣ್ಣ ಹೊಡೆದು ನೀಲಿ ಬಣ್ಣದಲ್ಲಿ ಬರೆದೆವು. ಒಟ್ಟು ಏಳು ಸಾಲು: ಮೊದಲನೆಯದು ಬೆಳಿಗ್ಗೆ 6.15, ಕೊನೆಯದು ರಾತ್ರಿ 8.40. ಒಂದು ಮಧ್ಯಾಹ್ನದ ಕೆಲಸ, ಖರ್ಚು ಐನೂರು ರೂಪಾಯಿಯೊಳಗೆ. ನಿಮ್ಮೂರಿನ ತಂಗುದಾಣದ ಗೋಡೆ ಖಾಲಿ ಇದ್ದರೆ ಈ ಭಾನುವಾರವೇ ಬರೆಸಿಬಿಡಿ.